ಹಾಸಿಗೆ ಇದ್ದಷ್ಟು ಲಂಗ

ತುಮಕೂರಿನಿಂದ ಗುಬ್ಬಿಗೆ ಬೆಳಗಿನ ಬಸ್ಸು. ಸೀಟಿನ ಮಾತು ಬಿಡಿ, ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಎದುರಿಗೆ ಹಸು ಬಂತೋ ಏನೋ, ಡ್ರೈವರು ಬ್ರೇಕು ಒತ್ತಿದರು. ನಾನು ಮೇಲಿನ ಕಂಬಿ ಹಿಡಿಯಲು ಬಲಗೈ ಎತ್ತಿದೆ. ಪರ್ ಎಂದಿತು. ಕಂಕುಳಿನಿಂದ ಬೆನ್ನಿನ ನಡುವಿನವರೆಗೆ.

ಹಿಂದೆ ನಿಂತಿದ್ದ ಹೆಂಗಸೊಬ್ಬರು ಗದ್ದಲ ಮಾಡಲಿಲ್ಲ. ನನ್ನ ದುಪಟ್ಟಾ ಬಿಡಿಸಿ ಬೆನ್ನ ಮೇಲೆ ಹರಡಿದರು, ತಮ್ಮ ಸೆರಗಿನ ಪಿನ್ನು ತೆಗೆದು ಸಿಕ್ಕಿಸಿದರು. ಆಮೇಲೆ ಹರಿದ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ, "ಹೊಲಿಗೆ ಬಿಟ್ಟಿಲ್ಲ ಕಣಮ್ಮ, ಬಟ್ಟೆನೇ ಹೋಗೈತೆ" ಎಂದರು.

ಮೂರು ದಿನದ ಹಿಂದಷ್ಟೇ ಹೊಲಿದು ಮುಗಿಸಿದ್ದ ಕುರ್ತಿ ಅದು. ಹಳೇ ಬೆಡ್‌ಶೀಟಿನದು. ತಿಳಿಗುಲಾಬಿ ಬಣ್ಣ, ಸಣ್ಣ ಬಳ್ಳಿ. ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಇಬ್ಬರು, ಎಲ್ಲಿ ತಗೊಂಡ್ರಿ ಮೇಡಂ ಎಂದು ಕೇಳಿದ್ದರು. ನಾನು ಜಂಬದಿಂದ ನಕ್ಕಿದ್ದೆ. ಆ ಜಂಬಕ್ಕೆ ಆಯಸ್ಸು ಒಂದು ದಿನ.

ಸಂಜೆ ಅದನ್ನು ಮಂಡಿಪೇಟೆ ಕಡೆ ಇರುವ, ನಮಗೆ ಬಹಳ ವರ್ಷದಿಂದ ಪರಿಚಯದ ಟೈಲರಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಅವರು ಹೊಲಿಗೆಯನ್ನು ನೋಡಲೇ ಇಲ್ಲ. ಕುರ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರು. ಬೆನ್ನಿನ ಭಾಗದಲ್ಲಿ ಬೆಳಕು ಸೋರುತ್ತಿತ್ತು, ಅಕ್ಕಿ ಜರಡಿ ಹಿಡಿದ ಹಾಗೆ. "ಮಧ್ಯದಲ್ಲಿ ಕಟಿಂಗ್ ಮಾಡಿದೀರ ಮೇಡಂ. ಹಾಸಿಗೆ ಬಟ್ಟೆ ಸಾಯೋದೇ ಮಧ್ಯದಲ್ಲಿ ಅಲ್ವಾ?"

ಅಲ್ವಾ ಎಂದು ಅವರು ಕೇಳಿದ ರೀತಿಗೆ ನನಗೆ ಬಸ್ಸಿಗಿಂತ ಹೆಚ್ಚು ನಾಚಿಕೆಯಾಯಿತು. ಇಪ್ಪತ್ತು ವರ್ಷದಿಂದ ಮಷೀನು ತುಳಿಯುತ್ತಿದ್ದೇನೆ. ಅಂಗಡಿಯ ಹೊಸ ಬಟ್ಟೆಯಾದರೆ ಎಲ್ಲಿ ಕತ್ತರಿಸಿದರೂ ಒಂದೇ. ಈ ತುದಿಗೂ ಆ ತುದಿಗೂ ವ್ಯತ್ಯಾಸವಿಲ್ಲ. ಹಳೇ ಬಟ್ಟೆ ಹಾಗಲ್ಲ. ಅದರಲ್ಲಿ ಗಟ್ಟಿ ಜಾಗ, ಸೋತ ಜಾಗ, ಹುಷಾರಾಗಿ ಮುಟ್ಟಬೇಕಾದ ಜಾಗ ಎಲ್ಲ ಬೇರೆ ಬೇರೆ. ನಾನು ಹೂವಿನ ಡಿಸೈನು ನೋಡಿ ಕತ್ತರಿ ಹಾಕಿದ್ದೆ. ಸಾಲದ್ದಕ್ಕೆ 16ನೇ ನಂಬರಿನ ದಪ್ಪ ಸೂಜಿ, ಒತ್ತೊತ್ತಾದ ಹೊಲಿಗೆ, ಪಾಲಿಯೆಸ್ಟರ್ ದಾರ. ಸೋತ ಹತ್ತಿಗೆ ಅಂಥ ದಾರ ಹಾಕಿದರೆ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ಅಂಚೆಚೀಟಿಯನ್ನು ಹರಿಯಲು ಸಾಲಾಗಿ ತೂತು ಹೊಡೆದಿರುತ್ತಾರಲ್ಲ, ನಾನು ನನ್ನ ಬೆನ್ನಿಗೆ ಅದನ್ನೇ ಮಾಡಿಕೊಂಡಿದ್ದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಎಪ್ಪತ್ತೆಂಟು. ಕಣ್ಣು ಮಂಜು, ಕಿವಿ ಚುರುಕು. "ಹರಿಯದೆ ಇನ್ನೇನಾಗುತ್ತೆ? ಹಾಸಿಗೆ ಬಟ್ಟೆ ಮೈಮೇಲೆ ಹಾಕ್ಕೊಂಡು ಹೊರಟರೆ ಹಂಗೇ ಆಗೋದು" ಎಂದರು. ಅವರ ತಕರಾರು ಬಟ್ಟೆ ಸೋತಿದ್ದರ ಬಗ್ಗೆ ಅಲ್ಲ. ಅದು ಹಾಸಿಗೆಯದು ಎಂಬುದರ ಬಗ್ಗೆ.

ನಮ್ಮ ಮನೆಯಲ್ಲಿ ಹಳೇ ಬಟ್ಟೆಗೂ ಮೇಲುಕೀಳು ಇತ್ತು. ಎಲ್ಲಕ್ಕಿಂತ ಮೇಲೆ ಪಂಚೆ. ಒಗೆದು ಒಗೆದು ಬೆಣ್ಣೆಯಂತಾದ ಬಿಳಿ ಪಂಚೆ ಹುಟ್ಟಿದ ಮಗುವಿನ ಮೊದಲ ಬಟ್ಟೆ. ಹೊಸ ಬಟ್ಟೆಯ ಗಂಜಿ ಕೂಸಿನ ಮೈಗೆ ಒತ್ತುತ್ತದೆ ಎಂದು ನಾಮಕರಣದವರೆಗೂ ಮಗುವಿಗೆ ಹಳೇ ಪಂಚೆಯ ತುಂಡೇ. ಕುಲಾವಿಯೂ ಅದರದ್ದೇ. ಇಡ್ಲಿ ತಟ್ಟೆಗೆ ಹಾಸುವುದು, ಮೊಸರು ಕಟ್ಟುವುದು, ಕಷಾಯ ಸೋಸುವುದು ಎಲ್ಲ ಪಂಚೆಯ ಪಾಲು. ಅದರ ಕೆಳಗೆ ಸೀರೆ. ಸೀರೆ ಮಕ್ಕಳ ಲಂಗವಾಗುತ್ತದೆ, ಲಂಗ ಸವೆದರೆ ಬೊಂತೆಗೆ ಹೋಗುತ್ತದೆ. ಧಾರವಾಡದ ಕಡೆ ಕೌದಿ ಎನ್ನುತ್ತಾರಲ್ಲ, ನಮ್ಮ ಕಡೆ ಅದೇ ಬೊಂತೆ. ಇನ್ನೂ ಕೆಳಗೆ ಕಿಟಕಿಯ ಕರ್ಟನ್ನು. ಅದು ಮಾರ್ಕೆಟ್ಟಿಗೆ ಹೋಗುವ ಚೀಲ. ಕಟ್ಟಕಡೆಗೆ ಬೆಡ್‌ಶೀಟು. ಅದು ಮೈಲಿಗೆ. ಮಲಗಿ ಎದ್ದ ಬಟ್ಟೆ ಮುಟ್ಟಿದ ಕೈಯಲ್ಲಿ ಒಲೆ ಹಚ್ಚುವಂತಿಲ್ಲ ಎಂದ ಮೇಲೆ ಅದನ್ನೇ ತೊಟ್ಟು ಅಡುಗೆಮನೆಗೆ ಬರುವುದೆಂದರೇನು? ಬೆಡ್‌ಶೀಟಿನ ಗತಿ ನೆಲ ಒರೆಸುವ ಬಟ್ಟೆ, ಇಲ್ಲವೇ ಬೊಂತೆಯ ಒಳಗಿನ ಪದರ.

ಬೀದಿಗೆ ಬರುವ ಪಾತ್ರೆಯವಳಿಗೂ ಇದೇ ಲೆಕ್ಕ. ಹಳೇ ಪ್ಯಾಂಟು, ಸೀರೆ ಕೊಟ್ಟರೆ ಸ್ಟೀಲ್ ಡಬ್ಬಿ ಕೊಡುತ್ತಿದ್ದಳು. ಬೆಡ್‌ಶೀಟು ತೋರಿಸಿದರೆ ಮೂಗು ಮುರಿಯುತ್ತಿದ್ದಳು. ನಮ್ಮ ಅಟ್ಟದ ಟ್ರಂಕಿನಲ್ಲಿ ಮೂವತ್ತು ವರ್ಷದ ಬೆಡ್‌ಶೀಟುಗಳು ಉಳಿದುಕೊಂಡಿದ್ದು ಯಾರ ಮಮತೆಯಿಂದಲೂ ಅಲ್ಲ, ಎಲ್ಲರೂ ಬೇಡ ಅಂದಿದ್ದರಿಂದ.

ಕರ್ಟನ್ನಿಗೆ ಮಾತ್ರ ಒಮ್ಮೆ ಬಡ್ತಿ ಸಿಕ್ಕಿತ್ತು. ನಾನು ಐದನೇ ಕ್ಲಾಸು. ಆ ವರ್ಷ ಯುಗಾದಿಗೆ ದುಡ್ಡಿರಲಿಲ್ಲ. ನಡುಮನೆಯ ಹಳದಿ ಕರ್ಟನ್ನು, ಮೇಲೆ ಕಂದು ಹೂ, ಅಮ್ಮನ ಕೈಯಲ್ಲಿ ಎರಡು ರಾತ್ರಿಯಲ್ಲಿ ಲಂಗವಾಯಿತು. ಚೆಂದವೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಹಿಂದಿನ ಬೀದಿಯ ನನ್ನ ಗೆಳತಿಯ ಮನೆಯ ಕಿಟಕಿಗೂ ಅದೇ ತಾನಿನ ಬಟ್ಟೆ ಇತ್ತು. ಸ್ಕೂಲಿನ ಗೇಟಿನಲ್ಲೇ, "ಏ, ನಿಮ್ಮನೆ ಕಿಟಕಿ ಉಟ್ಕೊಂಡು ಬಂದಿದ್ದೀಯಲ್ಲೇ!" ಎಂದಳು. ಆ ವರ್ಷವೆಲ್ಲ ನನ್ನ ಹೆಸರು ಕಿಟಕಿ.

ಆ ಲಂಗ ಮೂರು ವರ್ಷ ಬಾಳಿಕೆ ಬಂತು, ಅದು ಇನ್ನೊಂದು ಸಂಕಟ. ಬೆಳೆಯುವ ಹುಡುಗಿ ಎಂದು ಅಮ್ಮ ಕೆಳಗೆ ಮೂರು ಮಡಿಕೆ ಹಿಡಿದು ಹೊಲಿದಿದ್ದರು. ವರ್ಷಕ್ಕೊಂದು ಬಿಚ್ಚುತ್ತಿದ್ದರು. ಬಿಚ್ಚಿದಾಗಲೆಲ್ಲ ಬಿಸಿಲು, ಸೋಪು ಕಾಣದ ಒಂದು ಪಟ್ಟಿ ಅರಿಸಿನದಂತೆ ಎದ್ದು ಕಾಣುತ್ತಿತ್ತು. ನನ್ನ ಎತ್ತರವನ್ನು ಊರಿಗೆಲ್ಲ ಗೆರೆ ಎಳೆದು ತೋರಿಸಿದಂತೆ.

ಹಾಗಾಗಿ ಈಗ ಯಾರಾದರೂ ಹಳೇ ಬಟ್ಟೆ ಹೊಲಿಯುವುದರಲ್ಲಿ ಎಂಥ ಸೊಗಸಿದೆ ಎಂದು ಕಣ್ಣರಳಿಸಿದರೆ ನನಗೆ ಸ್ವಲ್ಪ ಕಸಿವಿಸಿ. ಬೆಂಗಳೂರಿನಲ್ಲಿರುವ ಮಗಳು ಮೊನ್ನೆ ಒಂದು ಫೋಟೊ ಕಳಿಸಿದ್ದಳು. ಹಳೇ ರಜಾಯಿಯಿಂದ ಹೊಲಿದ ಜಾಕೆಟ್ಟು. ಬೆಲೆ ನೋಡಿ ನಾನು ಸೊನ್ನೆ ಎಣಿಸಿದೆ. ಅಮ್ಮನಿಗೆ ಫೋನ್ ದೊಡ್ಡದು ಮಾಡಿ ತೋರಿಸಿದರೆ, "ಬೊಂತೆಗೆ ತೋಳು ಇಟ್ಟವ್ರೆ" ಎಂದಷ್ಟೇ ಹೇಳಿ ಅವರೆಕಾಯಿ ಬಿಡಿಸಲು ಹೋದರು. ಒಂದು ಟೀ ಶರ್ಟಿನ ಹತ್ತಿಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬ ಲೆಕ್ಕ ಈಗ ಎಲ್ಲರ ಬಾಯಲ್ಲೂ ಇದೆ. ಇರಲಿ, ನಮ್ಮಂಥ ಬರದ ಜಿಲ್ಲೆಯವರಿಗೆ ನೀರಿನ ಲೆಕ್ಕ ಬೇಡವೆನ್ನಲಾರೆ. ಆದರೆ ಅಮ್ಮ ಕರ್ಟನ್ನು ಕತ್ತರಿಸಿದ್ದು ಭೂಮಿಯನ್ನು ಉಳಿಸಲು ಅಲ್ಲ. ಅಂಗಡಿಯವನ ಬಾಕಿ ತೀರಿಸಿರಲಿಲ್ಲ, ಅದಕ್ಕೆ. ನಾನು ಇಂದು ಕತ್ತರಿಸುವುದು ಬೇಕು ಎಂದು. ಅವರು ಕತ್ತರಿಸಿದ್ದು ಬೇರೆ ದಾರಿಯಿಲ್ಲದೆ. ಇವೆರಡಕ್ಕೂ ಒಂದೇ ಹೆಸರಿಡಲು ನನಗೆ ಮನಸ್ಸಿಲ್ಲ.

ಬಸ್ಸಿನ ಪ್ರಸಂಗವಾದ ಭಾನುವಾರ ಟ್ರಂಕು ಇಳಿಸಿದೆ. ಈ ಸಲ ಡಿಸೈನು ನೋಡಲಿಲ್ಲ. ಒಂದೊಂದೇ ಬೆಡ್‌ಶೀಟನ್ನು ಮಹಡಿಯ ತಂತಿಗೆ ಹರಡಿ, ಬಿಸಿಲಿಗೆ ಎದುರಾಗಿ ನಿಂತು ನೋಡಿದೆ.

ನಾಲ್ಕನೆಯದು ಆಕಾಶನೀಲಿ. ಸುತ್ತ ಒಂದಂಗುಲದ ಗಾಢನೀಲಿ ಗೆರೆ. ಅದು ಅಪ್ಪ ತಂದಿದ್ದು. ಅಪ್ಪ ಇಲ್ಲಿನ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿದ್ದರು. ಒಂದು ದೀಪಾವಳಿಯ ಬೋನಸ್ಸಿನಲ್ಲಿ ಬಂದ ಜೋಡಿ ಬೆಡ್‌ಶೀಟಿನಲ್ಲಿ ಒಂದು. 90 ಇಂಚು ಅಗಲ, 108 ಇಂಚು ಉದ್ದ. ಮನೆಗೆ ತಂದ ಕೂಡಲೇ ಟೇಪು ಹಿಡಿದು ಅಳೆದು, ಅಂಗಡಿಯವನು ಅರ್ಧ ಇಂಚು ಕಮ್ಮಿ ಕೊಟ್ಟಿದ್ದಾನೆ ಎಂದು ಗೊಣಗಿದ ಮನುಷ್ಯ. ವಾಚಿನ ಹಲ್ಲುಚಕ್ರ ನೋಡಿದ ಕಣ್ಣಿಗೆ ಅರ್ಧ ಇಂಚು ಅಂದರೆ ಒಂದು ಫರ್ಲಾಂಗು. ಅಮ್ಮನ ಉಷಾ ಮಷೀನು ಕೆಟ್ಟರೆ ಬೇರೆ ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಬಾಬಿನ್ ಕೇಸಿನ ಒಳಗೆ ಸೇರಿಕೊಂಡ ನೂಲಿನ ಜುಂಜನ್ನು ಚೂಪು ಚಿಮಟದಲ್ಲಿ ಹಿಡಿದು ಹೊರಗೆಳೆದು, ಎಣ್ಣೆಯನ್ನು ಕಡ್ಡಿಯ ತುದಿಯಲ್ಲಿ ಒಂದೇ ಹನಿ ಬಿಡುತ್ತಿದ್ದರು. ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಇಲ್ಲಿನ ಜಾಗ ಆಮೇಲೆ ಇಸ್ರೊಗೆ ಹೋಯಿತು. ಅಪ್ಪ ಹೋಗಿ ಆರು ವರ್ಷ.

ಬೆಡ್‌ಶೀಟನ್ನು ಬಿಸಿಲಿಗೆ ಹಿಡಿದಾಗ ಎಡಗಡೆ ಒಂದು ಉದ್ದನೆಯ ಬೆಳಕಿನ ಮಚ್ಚೆ. ಭುಜದ ಹತ್ತಿರ ಅಗಲ, ಸೊಂಟದಲ್ಲಿ ಇನ್ನೂ ತೆಳು, ಕೆಳಗೆ ಹಿಮ್ಮಡಿಯ ಜಾಗದಲ್ಲಿ ಎರಡು ಚುಕ್ಕಿ. ಅಪ್ಪ ಅಂಗಾತ ಮಲಗುತ್ತಿದ್ದರು. ಮಧ್ಯದಲ್ಲಿ ಒಂದು ಮೊಳದಷ್ಟು ಅಗಲದ ಪಟ್ಟಿ, ಹೊಸದರಂತೆ ಗಟ್ಟಿ. ಬಲಗಡೆಯೂ ಅಂಥದೇ ಮಚ್ಚೆ ಇರಬೇಕಿತ್ತು. ಇರಲಿಲ್ಲ. ಎರಡು ಹೆಬ್ಬೆರಳ ನಡುವೆ ಹಿಡಿದು ಹಾಸಿನ, ಅಂದರೆ ಉದ್ದದ ನೂಲಿನ ಕಡೆಗೊಮ್ಮೆ, ಹೊಕ್ಕಿನ, ಅಂದರೆ ಅಡ್ಡ ನೂಲಿನ ಕಡೆಗೊಮ್ಮೆ ಎಳೆದು ನೋಡಿದೆ. ಜಗ್ಗಲಿಲ್ಲ. ಬಲಗಡೆ ಪೂರಾ ಗಟ್ಟಿ.

ಬಲಗಡೆ ಅಮ್ಮನದು. ಒಂದೇ ಬೆಡ್‌ಶೀಟು, ಒಂದೇ ಒಗೆತ, ಒಂದೇ ಬಿಸಿಲು, ಅಷ್ಟೇ ವರ್ಷ. ಬೆಳಗಿನ ಪಾಳಿಯವರಿಗೆ ಡಬ್ಬಿ ಕಟ್ಟಲು ನಾಲ್ಕಕ್ಕೆ ಏಳುವುದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಬೀದಿಯವರ ರವಿಕೆಗೆ ಕಾಜಾ ಹಾಕುತ್ತಾ ಕೂರುವುದು. ಮಧ್ಯಾಹ್ನ ಮಲಗಿದ್ದನ್ನು ನಾನಂತೂ ನೋಡಿಲ್ಲ. ಅಮ್ಮ ನಿದ್ದೆಗೆಟ್ಟಿದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ, ಎಲ್ಲ ಮನೆಯಲ್ಲೂ ಹೇಳುವ ಮಾತು ಅದು. ಆದರೆ ಕೈಗೆ ಸಿಗುವ ಹಾಗೆ, ಎಳೆದು ನೋಡಬಹುದಾದ ಹಾಗೆ ಇದ್ದದ್ದನ್ನು ಅವತ್ತೇ ಕಂಡಿದ್ದು. ತಂತಿಯ ಹತ್ತಿರ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಪಕ್ಕದ ಮಹಡಿಯವರು, ಬಟ್ಟೆ ಒಣಗಿಲ್ವಾ ಎಂದು ಕೇಳಿದರು.

ಕತ್ತರಿಸುವ ಲೆಕ್ಕ ಅಲ್ಲೇ ಹಾಕಿಕೊಂಡೆ. ಐದಡಿ ಅಗಲದ ಮಂಚಕ್ಕೆ 90 ಇಂಚಿನ ಬೆಡ್‌ಶೀಟು ಹಾಸಿದರೆ ಎರಡೂ ಪಕ್ಕ ಹದಿನೈದು ಹದಿನೈದು ಇಂಚು ಹಾಸಿಗೆಯ ಕೆಳಗೆ ಸಿಕ್ಕಿಸಿರುತ್ತೇವೆ. ಅಲ್ಲಿಗೆ ಮೈ ತಾಗುವುದೇ ಇಲ್ಲ, ಆ ಪಟ್ಟಿಗಳು ಹೊಸವೇ. ತಲೆಯ ಕಡೆ, ಕಾಲ ಕಡೆಯೂ ಒಂದೊಂದಡಿ ಹಾಗೇ. ಆದರೆ ಹದಿನೈದು ಇಂಚಿನಲ್ಲಿ ನನ್ನ ಗಾತ್ರದವಳ ಬೆನ್ನು ಏಳುವುದಿಲ್ಲ. ಹಾಗಾಗಿ ಮುಂಭಾಗ, ಬೆನ್ನು ಎರಡನ್ನೂ ಅಮ್ಮನ ಬಲಗಡೆಯಿಂದ ಅಖಂಡವಾಗಿ ತೆಗೆದೆ. ಪಕ್ಕದ ಕಲಿಗಳಿಗೆ, ಅಂದರೆ ಅಗಲಕ್ಕೆಂದು ಎರಡೂ ಬದಿಗೆ ಕೂಡಿಸುವ ತುಂಡುಗಳಿಗೆ, ಅಂಚಿನ ಪಟ್ಟಿ. ತೋಳಿಗೆ ನಡುವಿನ ಮೊಳ. ಗಾಢನೀಲಿ ಗೆರೆ ತಾನಾಗಿ ಕುರ್ತಿಯ ಕೆಳಗಿನ ಬಾರ್ಡರಾಗುವ ಹಾಗೆ ಇಟ್ಟುಕೊಂಡರೆ ಕೆಳಗೆ ಮಡಿಚಿ ಹೊಲಿಯುವ ಕೆಲಸವೂ ಇಲ್ಲ, ಮಿಲ್ಲಿನವರೇ ಹೊಲಿದುಕೊಟ್ಟಿದ್ದಾರೆ.

ಅಮ್ಮ ಇಂಥದ್ದನ್ನು ಹಿಂದೆ ಮಾಡುತ್ತಿದ್ದರು, ತೊಡುವುದಕ್ಕಲ್ಲ, ಮತ್ತೆ ಹಾಸುವುದಕ್ಕೆ. ಮಧ್ಯ ಸೋತ ಬೆಡ್‌ಶೀಟನ್ನು ಉದ್ದಕ್ಕೆ ಸೀಳಿ, ಗಟ್ಟಿಯಿದ್ದ ಎರಡು ಅಂಚನ್ನು ನಡುವಿಗೆ ತಂದು ಕೂಡಿಸಿ, ಸೋತದ್ದನ್ನು ಪಕ್ಕಕ್ಕೆ ತಳ್ಳುವುದು. ಬೆನ್ನಿಗೆ ಒಂದು ಗೆರೆ ಒತ್ತುತ್ತಿತ್ತು, ಅಷ್ಟೆ. ಇದು ನಮ್ಮಮ್ಮನ ಸ್ವಂತ ಬುದ್ಧಿ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಓದಿದರೆ ಇಂಗ್ಲೆಂಡಿನ ಮನೆಮನೆಯಲ್ಲೂ ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನೇ ಮಾಡುತ್ತಿದ್ದರಂತೆ. ಅಲ್ಲಿ 1941ರ ಜೂನ್‌ನಿಂದ 1949ರ ಮಾರ್ಚ್‌ವರೆಗೆ ಬಟ್ಟೆಗೂ ರೇಷನ್ನು. ಮೊದಲ ವರ್ಷ ದೊಡ್ಡವರಿಗೆ ತಲಾ 66 ಕೂಪನ್ನು, ಒಂದು ಉಣ್ಣೆಯ ಉಡುಪಿಗೇ 11 ಹೋಗುತ್ತಿತ್ತು. ಬಾಂಬಿನ ಭಯಕ್ಕೆ ಕಿಟಕಿಗೆ ಕಟ್ಟುತ್ತಿದ್ದ ಕಪ್ಪು ಬಟ್ಟೆಗೆ ಕೂಪನ್ನು ಬೇಕಿರಲಿಲ್ಲವಾದ್ದರಿಂದ ಅದನ್ನೂ ಹೊಲಿದು ಹಾಕಿಕೊಂಡರು. ಅಂದರೆ ಅಲ್ಲಿಯೂ ಎಷ್ಟೋ ಕಿಟಕಿಗಳು ಬೀದಿಯಲ್ಲಿ ಓಡಾಡಿವೆ! ಬ್ರಿಟಿಷ್ ಇಂಡಿಯಾದಲ್ಲೂ 1943ರಲ್ಲಿ ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣಕ್ಕೆ ಆದೇಶ ಬಂತು. ನಮ್ಮಜ್ಜಿ ಅದನ್ನು 'ಕಂಟ್ರೋಲ್ ಕಾಲ' ಎನ್ನುತ್ತಿದ್ದರು. ಎರಡು ಹಳೇ ಸೀರೆಗಳ ಗಟ್ಟಿ ಅರ್ಧಗಳನ್ನು ಜೋಡಿಸಿ ಒಂದು ಸೀರೆ ಮಾಡಿ ಉಟ್ಟಿದ್ದನ್ನು, ಜೋಡಣೆ ಕಾಣದ ಹಾಗೆ ನೆರಿಗೆಯೊಳಗೆ ಮುಚ್ಚಿಡುತ್ತಿದ್ದುದನ್ನು ಹೇಳುತ್ತಿದ್ದರು.

ಹೊಲಿಗೆಗೆ ಬಂದರೆ, ಈ ಸಲ 11ನೇ ನಂಬರಿನ ಸೂಜಿ. ಹೊಲಿಗೆಯನ್ನು ಕೊಂಚ ಉದ್ದ ಬಿಟ್ಟೆ. ಹತ್ತಿಯ ದಾರವನ್ನೇ ಹುಡುಕಿ ತಂದೆ, ಚಿಕ್ಕಪೇಟೆಯಲ್ಲಿ ಮೂರು ಅಂಗಡಿ ತಿರುಗಬೇಕಾಯಿತು. ಬಟ್ಟೆಯ ಎರಡು ಪದರವನ್ನು ಮೊದಲು ಹೊರಮೈಯಲ್ಲಿ ಹೊಲಿದು, ಅಂಚು ಕತ್ತರಿಸಿ, ತಿರುಗಿಸಿ, ಒಳಗಿನಿಂದ ಇನ್ನೊಮ್ಮೆ ಹೊಲಿದೆ. ಹೀಗೆ ಮಾಡಿದರೆ ಕೊರೆದ ಅಂಚು ಒಳಗೇ ಬಂಧಿ. ಎಳೆ ಬಿಚ್ಚುವುದಿಲ್ಲ, ಓವರ್‌ಲಾಕ್ ಬೇಡ. ಕಂಕುಳಿನಲ್ಲಿ ಹಳೇ ಪಂಚೆಯ ತುಂಡೊಂದನ್ನು ಒಳಗಡೆ ಇಟ್ಟು ಬಲ ಕೊಟ್ಟೆ. ಉದ್ದದ ನೂಲು, ಅಂದರೆ ಹಾಸು, ಯಾವಾಗಲೂ ಮೈಯ ಮೇಲಿಂದ ಕೆಳಕ್ಕೆ ಇರಬೇಕು. ಬಟ್ಟೆ ಉಳಿಸುವ ಆಸೆಗೆ ಅಡ್ಡ ಕತ್ತರಿಸಿದರೆ ಮೂರನೇ ಒಗೆತಕ್ಕೆ ಕುರ್ತಿ ಜೋತು ಚೀಲವಾಗುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ, ಇನ್ನೊಂದು ದಿನ ಹೇಳುತ್ತೇನೆ.

ಹಳೇ ಬಟ್ಟೆಯ ದೊಡ್ಡ ಉಪಕಾರ ಒಂದಿದೆ. ಅದು ಕುಗ್ಗುವಷ್ಟು ಕುಗ್ಗಿ ಆಗಿದೆ, ಬಿಡುವಷ್ಟು ಬಣ್ಣ ಬಿಟ್ಟಾಗಿದೆ. ಹೊಸ ಹತ್ತಿ ಬಟ್ಟೆಯನ್ನಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ಇದಕ್ಕೆ ಆ ಉಪಚಾರ ಬೇಡ.

ಎಲ್ಲ ಹಳೇ ಬಟ್ಟೆಯೂ ಹೊಲಿಯಲು ಯೋಗ್ಯವಲ್ಲ, ಇದನ್ನು ಹೇಳುವವರು ಕಮ್ಮಿ. ಪಶ್ಚಿಮದ ಕಿಟಕಿಗೆ ಹತ್ತು ವರ್ಷ ನೇತಾಡಿದ ಕರ್ಟನ್ನನ್ನು ನಂಬಬೇಡಿ. ನೋಡಲು ಜರ್ಬಾಗಿರುತ್ತದೆ, ಬಿಸಿಲು ಒಳಗೊಳಗೇ ನೂಲನ್ನು ತಿಂದಿರುತ್ತದೆ. ಬ್ಲೀಚಿಂಗ್ ಪುಡಿಯಲ್ಲಿ ಬೆಳ್ಳಗಾದ ಬೆಡ್‌ಶೀಟೂ ಅಷ್ಟೆ. ಪಾಲಿಯೆಸ್ಟರ್ ಬೆರೆತದ್ದು ಹರಿಯುವುದಿಲ್ಲ ನಿಜ, ಆದರೆ ನಮ್ಮೂರಿನ ಏಪ್ರಿಲ್‌ನಲ್ಲಿ ಅದನ್ನು ತೊಟ್ಟರೆ ಮೈಯೆಲ್ಲ ಬೆವರುಸಾಲೆ. ಅನುಮಾನವಿದ್ದರೆ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರಾದರೆ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಕುರ್ತಿ ಮುಗಿದ ದಿನ ತೊಟ್ಟು ಅಮ್ಮನ ಮುಂದೆ ನಿಂತೆ. ಎರಡೂ ಕೈ ಮೇಲೆತ್ತಿ ತೋರಿಸಿದೆ, ಬಸ್ಸಿನ ಕಂಬಿ ಹಿಡಿದ ಹಾಗೆ. ಅಮ್ಮ ಹತ್ತಿರ ಕರೆದು ತೋಳನ್ನು ತಿರುಗಿಸಿ ಹೊಲಿಗೆಯ ಒಳಭಾಗ ನೋಡಿದರು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಎಲ್ಲ ಗೊತ್ತಾಗುತ್ತದೆ ಅವರಿಗೆ.

"ಇದು ನಿಮ್ಮಪ್ಪ ತಂದಿದ್ದಲ್ವೇನೇ?"

"ಹೂಂ ಅಮ್ಮ. ನಿಮ್ಮ ಮಗ್ಗುಲಿನದು. ಇನ್ನೂ ಗಟ್ಟಿಯಾಗಿತ್ತು."

ಯಾಕೆ ಗಟ್ಟಿಯಾಗಿತ್ತು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅಮ್ಮ ಗೆರೆಯ ಬಾರ್ಡರನ್ನು ಎರಡು ಸಲ ಸವರಿ, "ಅಡುಗೆಮನೆಗೆ ಬರೋದಾದ್ರೆ ಬದಲಾಯಿಸಿಕೊಂಡು ಬಾ" ಎಂದರು. ಸ್ವಲ್ಪ ತಡೆದು, "ಕತ್ತರಿ ಬಿದ್ದ ಮೇಲೆ ಹಾಸಿಗೆ ಅಲ್ಲ ಬಿಡು" ಎಂದರು. ಎರಡರಲ್ಲಿ ಯಾವುದು ತೀರ್ಪು ಎಂದು ನಾನು ಕೇಳಲು ಹೋಗಲಿಲ್ಲ.

ಉಳಿದದ್ದು ಅಪ್ಪನ ಮಗ್ಗುಲು. ಅದರಲ್ಲಿ ಏನೂ ಹೊಲಿಯುವ ಹಾಗಿರಲಿಲ್ಲ, ಸೂಜಿ ಇಳಿದರೆ ಬಾಯಿ ಬಿಡುತ್ತಿತ್ತು. ಎಸೆಯಲು ಕೈ ಬಾರದೆ ಮಡಿಚಿ ಮಷೀನಿನ ಮೇಲೆ ಇಟ್ಟಿದ್ದೆ. ಎರಡು ದಿನದ ಮೇಲೆ ನೋಡಿದರೆ ಇಲ್ಲ. ನೆಲ ಒರೆಸುವ ಬಟ್ಟೆಗಳ ಬುಟ್ಟಿಯಲ್ಲೂ ಇಲ್ಲ. ಅಮ್ಮನನ್ನು ಕೇಳಿದರೆ ಕೇಳಿಸದವರಂತೆ ಇದ್ದರು, ಚುರುಕು ಕಿವಿಯವರು.

ಆ ವಾರ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದರು. ಆ ಜಾಡಿಯನ್ನು ಸ್ನಾನ ಮಾಡದೆ ಮುಟ್ಟಲು ನನಗೆ ಇವತ್ತಿಗೂ ಧೈರ್ಯವಿಲ್ಲ. ಮಿಂದು, ಒದ್ದೆ ಕೂದಲಿನಲ್ಲಿ ಅಡುಗೆಮನೆಯ ಮೂಲೆಗೆ ಹೋಗಿ ನೋಡಿದೆ. ಜಾಡಿಯ ಬಾಯಿಗೆ ಆಕಾಶನೀಲಿ ಬಟ್ಟೆ ಬಿಗಿಯಾಗಿ ಕಟ್ಟಿತ್ತು, ಎರಡು ಪದರ, ಅಂಚಿನಲ್ಲಿ ಗಾಢನೀಲಿ ಗೆರೆ.